ಲಕ್ವದ ನಂತರ ತುದಿಗಾಲಲ್ಲೇ ನಿಂತ ಪಾದ: ‘ನರ ಕಟ್ ಮಾಡ್ತೀವಿ’ ಅಂದ್ರೆ ಯಾವ ನರ?

ಫಿಸಿಯೋ_ಶಿವಮೊಗ್ಗ
ಒಂದು ಕೇಸ್ ಮುಂದಿಟ್ಕೊಂಡು ಮಾತಾಡೋಣ. ನಿಜವಾದ ಒಬ್ಬರದ್ದಲ್ಲ, ಎಲ್ಲ ಕಡೆ ಕಾಣೋ ಚಿತ್ರ. ವಯಸ್ಸು 50ರ ಆಸುಪಾಸು, ಸ್ಟ್ರೋಕ್ ಆಗಿ 14 ತಿಂಗಳು, ಬಲಗಾಲು. ಕೋಲು ಹಿಡಿದು ನಡೀತಾರೆ. ಹೆಜ್ಜೆ ಎತ್ತಿದ ಕೂಡಲೇ ಪಾದ ಒಳಕ್ಕೆ ತಿರುಗುತ್ತೆ, ಇಳಿಸುವಾಗ ಮೊದಲು ನೆಲ ಮುಟ್ಟೋದು ಕಿರುಬೆರಳ ಅಂಚು. ಹಿಮ್ಮಡಿ ನೆಲಕ್ಕೆ ತಾಗೋದೇ ಇಲ್ಲ. ಭಾರ ಬಿದ್ದಾಗ ಮಂಡಿ ಹಿಂದಕ್ಕೆ ಬಳುಕುತ್ತೆ. ಬೆರಳು ಚಪ್ಪಲಿಯೊಳಗೆ ಮುದುಡಿಕೊಂಡು ಉಗುರಿನ ಮೇಲೆ ನಡೆದ ಹಾಗಿರುತ್ತೆ. ಬಿಗಿತ ಅಳೆಯೋ ಆಶ್‌ವರ್ತ್ ಅಂಕಿ 3. ಸ್ನಾಯು ಸಡಿಲಿಸೋ ಬೊಟುಲಿನಮ್ ಚುಚ್ಚುಮದ್ದು ಎರಡು ಸಲ ಆಗಿದೆ. ಎರಡೂ ಸಲ ಮೂರು ತಿಂಗಳು ಸುಖ, ಆಮೇಲೆ ಯಥಾಪ್ರಕಾರ.

ಈಗ ಮನೆಯವರಿಗೆ ಮೂರು ಕಡೆಯಿಂದ ಮೂರು ಮಾತು. ಒಬ್ಬರು ‘ನರ ಕಟ್ ಮಾಡಬೇಕು’, ಇನ್ನೊಬ್ಬರು ‘ಹಿಮ್ಮಡಿ ನರ ಉದ್ದ ಮಾಡಬೇಕು’, ಮತ್ತೊಬ್ಬರು ‘ಹೊಟ್ಟೆಗೆ ಪಂಪ್’, ಅಂದ್ರೆ ಬೆನ್ನುನೀರಿಗೆ ಬಿಗಿತದ ಔಷಧ ಹರಿಸೋದು. ಯಾವುದನ್ನ ಯಾವಾಗ ಅಂತ ಹೇಗೆ ತೀರ್ಮಾನಿಸ್ತೀರಿ?

ಮೂಳೆಪ್ಯಾಟೆ
ಮೊದಲು ಆ ‘ನರ’ ಅನ್ನೋ ಪದನ್ನ ಬಿಡಿಸ್ಕೊಳ್ಳಿ. ಅರ್ಧ ಗೊಂದಲ ಅಲ್ಲೇ ಇದೆ. ನಮ್ಮ ಜನರ ಬಾಯಲ್ಲಿ ರಕ್ತ ಹರಿಯೋದೂ ನರ, ಮೆದುಳಿನ ಸಂದೇಶ ತರೋದೂ ನರ, ಹಿಮ್ಮಡಿ ಹಿಂದೆ ಹಗ್ಗದ ಹಾಗೆ ಕೈಗೆ ಸಿಗೋದೂ ನರ. ಮೂರನೆಯದು ಸ್ನಾಯುರಜ್ಜು, ಟೆಂಡನ್. ಅದನ್ನ ಉದ್ದ ಮಾಡೋದು ಮೂಳೆ ಡಾಕ್ಟರ ಕೆಲಸ. ಎರಡನೆಯದರ ಎಳೆಗಳನ್ನ ಆರಿಸಿ ಕತ್ತರಿಸೋದು ನ್ಯೂರೋಟಮಿ, ಅದು ನರಶಸ್ತ್ರಚಿಕಿತ್ಸಕರದ್ದು. ಎರಡೂ ಬೇರೆ ಬೇರೆ ಕಾಯಿಲೆಗೆ ಮದ್ದು. ಮನೆಯವರು ‘ನರ ಕತ್ತರಿಸಿದ್ರೆ ಕಾಲು ಸತ್ತು ಹೋಗಲ್ವಾ’ ಅಂತ ಹೆದರಿ ವಾಪಸ್ ಹೋಗೋದು ಇದೇ ಪದದಿಂದ.

ನರಬಿಲ್ಲು
ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ಬಿಗಿತದಲ್ಲಿ ಎರಡು ಪಾಲು. ಒಂದು, ಮೆದುಳಿನ ಹಿಡಿತ ತಪ್ಪಿದ್ದರಿಂದ ಸ್ನಾಯು ಎಳೆದಾಗ ತಿರುಗಿ ಎಳೆಯೋದು. ವೇಗವಾಗಿ ಎಳೆದಷ್ಟೂ ಜಾಸ್ತಿ, ನಿಧಾನಕ್ಕೆ ಎಳೆದ್ರೆ ಬಿಟ್ಟುಕೊಡುತ್ತೆ. ಇದು ನಿಜವಾದ ಸ್ಪಾಸ್ಟಿಸಿಟಿ. ಇನ್ನೊಂದು, ತಿಂಗಳುಗಟ್ಟಲೆ ಅದೇ ಭಂಗಿಯಲ್ಲಿ ಇದ್ದು ಸ್ನಾಯು, ರಜ್ಜು, ಕೀಲಿನ ಚೀಲ ಕುಗ್ಗಿಹೋಗಿರೋದು. ಇದು ಕಾಂಟ್ರ್ಯಾಕ್ಚರ್, ನಿದ್ದೆಯಲ್ಲೂ ಅರಿವಳಿಕೆಯಲ್ಲೂ ಬಿಡಲ್ಲ. ಮೊದಲನೆಯದಕ್ಕೆ ನರದ ಕಡೆ ಕೈ ಹಾಕಬೇಕು, ಎರಡನೆಯದಕ್ಕೆ ರಜ್ಜುವಿನ ಕಡೆ. ಆಶ್‌ವರ್ತ್ ಅಂಕಿ ಎರಡನ್ನೂ ಒಂದೇ ಪಾತ್ರೆಗೆ ಸುರಿಯುತ್ತೆ, ಅದಕ್ಕೇ ಬರೀ ‘3’ ಅಂದ್ರೆ ನನಗೆ ಏನೂ ಹೇಳಿದ ಹಾಗಲ್ಲ. ಟಾರ್ಡ್ಯೂ ಅಳತೆ ಕೊಡಿ: ವೇಗವಾಗಿ ಎತ್ತಿದಾಗ ಎಲ್ಲಿ ತಡೆಯುತ್ತೆ, ನಿಧಾನಕ್ಕೆ ಎತ್ತಿದ್ರೆ ಎಲ್ಲಿವರೆಗೆ ಬರುತ್ತೆ. ಎರಡರ ನಡುವೆ ಅಂತರ ದೊಡ್ಡದಿದ್ರೆ ನರದ ಆಟ. ಅಂತರವೇ ಇಲ್ಲ ಅಂದ್ರೆ ರಜ್ಜು ಕುಗ್ಗಿದೆ.

ಫಿಸಿಯೋ_ಶಿವಮೊಗ್ಗ
ವೇಗವಾಗಿ ಎತ್ತಿದ್ರೆ ಮೈನಸ್ 25 ಡಿಗ್ರಿಯಲ್ಲಿ ತಡೆ, ನಿಧಾನಕ್ಕೆ ಮೈನಸ್ 10 ಅಂತ ಇಟ್ಕೊಳ್ಳಿ (ಪಾದ ಕಾಲಿಗೆ ಲಂಬವಾಗಿದ್ರೆ ಸೊನ್ನೆ, ತುದಿಗಾಲಿನ ಕಡೆ ಇದ್ರೆ ಮೈನಸ್). ಇದು ಮಂಡಿ ನೇರ ಇಟ್ಟು. ಮಂಡಿ ಮಡಚಿದ್ರೆ ಸೊನ್ನೆಗೆ ಬರುತ್ತೆ.

ಮೂಳೆಪ್ಯಾಟೆ
ಅಂದ್ರೆ ಎರಡೂ ಇದೆ. ಮಂಡಿ ಮಡಚಿದಾಗ ಸಡಿಲ ಆಗುತ್ತೆ ಅಂದ್ರೆ ಕುಗ್ಗಿರೋದು ಮೀನಖಂಡದ ಮೇಲ್ಪದರದ ಸ್ನಾಯು ಗ್ಯಾಸ್ಟ್ರೋಕ್ನೀಮಿಯಸ್, ಅದು ಮಂಡಿಯನ್ನೂ ದಾಟಿ ಬರುತ್ತಲ್ಲ. ಅದರಡಿಯ ಸೋಲಿಯಸ್ ಅಷ್ಟೇನೂ ಕುಗ್ಗಿಲ್ಲ. ಹಾಗಿದ್ದಾಗ ಇಡೀ ಹಿಮ್ಮಡಿ ರಜ್ಜುವನ್ನ ಉದ್ದ ಮಾಡೋದು ತಪ್ಪು. ಮೀನಖಂಡದ ಮಧ್ಯದಲ್ಲಿ ಗ್ಯಾಸ್ಟ್ರೋಕ್ನೀಮಿಯಸ್‌ನ ಪೊರೆಯನ್ನಷ್ಟೇ ಬಿಡಿಸಿದ್ರೆ ಸಾಕಾಗಬಹುದು.

ಮಂಗಳೂರು_ರಿಹ್ಯಾಬ್
ನಿಲ್ಲಿ ಮಾರಾಯ್ರೆ, ಚಾಕು ಕೈಗೆತ್ತಿಕೊಳ್ಳುವ ಮೊದಲು ಬ್ಲಾಕ್ ಒಂದು ಉಂಟಲ್ಲ, ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸಿ ನೋಡುವುದು. ಮಂಡಿ ಹಿಂದಿನ ಗುಳಿಯಲ್ಲಿ ಮೀನಖಂಡಕ್ಕೂ ಅಂಗಾಲಿಗೂ ಹೋಗುವ ಟಿಬಿಯಲ್ ನರಕ್ಕೆ, ಅಥವಾ ಇನ್ನೂ ಚಂದ ಅಂದ್ರೆ ಸ್ನಾಯುವಿಗೆ ಹೋಗುವ ಅದರ ಮೋಟರ್ ಕವಲಿಗೇ, ಅಲ್ಟ್ರಾಸೌಂಡ್ ಮತ್ತು ಸಣ್ಣ ಕರೆಂಟ್ ಕೊಡುವ ಸ್ಟಿಮ್ಯುಲೇಟರ್ ಇಟ್ಟು 2% ಲಿಗ್ನೋಕೇನ್ ಕೆಲವೇ ಎಂಎಲ್. ಒಂದೆರಡು ಗಂಟೆ ಮಟ್ಟಿಗೆ ನರದ ಪಾಲು ಮಾಯ. ಉಳಿದ ಬಿಗಿತ ಏನಿದೆಯೋ ಅದು ರಜ್ಜುವಿನದ್ದು. ಬ್ಲಾಕ್‌ಗೆ ಮೊದಲೂ ಆಮೇಲೂ 10 ಮೀಟರ್ ನಡೆಸಿ, ಮುಂದಿನಿಂದ ಒಂದು, ಬದಿಯಿಂದ ಒಂದು ವಿಡಿಯೋ. ನೋಡಬೇಕಾದ್ದು ಮೂರು: ಹಿಮ್ಮಡಿ ನೆಲಕ್ಕೆ ಬಂತಾ, ಮಂಡಿ ಹಿಂದಕ್ಕೆ ಬಳುಕುವುದು ನಿಂತಿತಾ, ಹೆಜ್ಜೆ ಎತ್ತಿದಾಗ ಪಾದ ಇನ್ನೂ ಒಳಕ್ಕೆ ತಿರುಗುತ್ತದಾ.

ಮೂರನೆಯದು ಮುಖ್ಯ. ಟಿಬಿಯಲ್ ನರ ಮಲಗಿದ ಮೇಲೂ ಪಾದ ಒಳಕ್ಕೆ ಎಳೆದರೆ ಎಳೆಯುವವ ಬೇರೆ, ಮುಂಭಾಗದ ಟಿಬಿಯಾಲಿಸ್ ಆಂಟೀರಿಯರ್. ಅದಕ್ಕೆ ಬರುವುದು ಪೆರೋನಿಯಲ್ ನರ. ಟಿಬಿಯಲ್ ನ್ಯೂರೋಟಮಿ ಎಷ್ಟು ಚಂದ ಮಾಡಿದ್ರೂ ಅದು ಸರಿಯಾಗುವುದಿಲ್ಲ.

ಅರಿವಳಿಕೆ24
ಬ್ಲಾಕ್ ಕೊಟ್ಟ ಮೇಲೆ ಎಚ್ಚರ. ನರದ ಕಾಂಡಕ್ಕೇ ಕೊಟ್ಟಿದ್ರೆ ಅಂಗಾಲೂ ಜೋಮು ಹಿಡಿದಿರುತ್ತೆ. ನಡೆಸುವಾಗ ಸೊಂಟಪಟ್ಟಿ ಹಿಡ್ಕೊಂಡು ಒಬ್ಬರು ಪಕ್ಕದಲ್ಲಿ ಇರಲೇಬೇಕು, ಸ್ಪರ್ಶ ಪೂರ್ತಿ ವಾಪಸ್ ಬರೋವರೆಗೂ ಮನೆಗೆ ಬಿಡಬಾರದು. ಲಿಗ್ನೋಕೇನ್ ಬದಲು ಹೆಚ್ಚು ಹೊತ್ತು ನಿಲ್ಲೋ ಬುಪಿವಕೇನ್ ಬಳಸಿದ್ರೆ ಸಂಜೆವರೆಗೂ ಕಾಯಬೇಕಾದೀತು.

ಚಿಕ್ಕಮ್ಮನ_ಮಗ
ನಾನು ಡಾಕ್ಟರ್ ಅಲ್ಲ, ಆರೈಕೆ ಮಾಡೋನು. ದಿನಾ ಎಳ್ಳೆಣ್ಣೆ ತಿಕ್ಕಿ ಬಿಸಿನೀರು ಹಾಕಿದ್ರೆ ರಜ್ಜು ಬಿಡಲ್ವಾ? ಇಷ್ಟೆಲ್ಲ ಕೊಯ್ಯೋದು ಬೇಕಾ?

ಫಿಸಿಯೋ_ಶಿವಮೊಗ್ಗ
ತಿಕ್ಕಿದ ಮೇಲೆ ಸ್ವಲ್ಪ ಹೊತ್ತು ಹಗುರ ಅನ್ಸುತ್ತೆ, ತಪ್ಪೇನಿಲ್ಲ. ಆದ್ರೆ ಕುಗ್ಗಿದ ರಜ್ಜು ಎಣ್ಣೆಗೆ ಉದ್ದ ಆಗಲ್ಲ. ಸ್ಪರ್ಶ ಕಡಿಮೆ ಇರೋ ಕಾಲಿಗೆ ಬಿಸಿನೀರು ಹಾಕೋವಾಗ ನಿಮ್ಮ ಮೊಣಕೈ ಅದ್ದಿ ನೋಡಿ, ಅವರಿಗೆ ಸುಟ್ಟಿದ್ದು ಗೊತ್ತಾಗಲ್ಲ.

ಧಾರವಾಡ_ಪೇಢಾ
ನಾ ಒಂದು ಹೇಳ್ತೀನ್ರಿ, ಯಾರೂ ಹೇಳಿಲ್ಲ ಇನ್ನೂ. ಬಿಗಿತ ಒಮ್ಮಿಂದೊಮ್ಮೆಲೆ ಜಾಸ್ತಿ ಆಗ್ಯದ ಅಂದ್ರ ಆಪರೇಷನ್ ಮಾತು ಆಮ್ಯಾಲ, ಮೊದಲ ಕಾರಣ ಹುಡುಕ್ರಿ. ಉಚ್ಚಿ ಸೋಂಕು ಆಗೇದೇನು? ನಾಕು ದಿನದಿಂದ ಹೊಟ್ಟಿ ಕಟ್ಟೇದೇನು? ಕ್ಯಾಥೆಟರ್ ಮಡಚಿಕೊಂಡದೇನು? ಹಿಮ್ಮಡಿಗೆ, ಕುಂಡಿ ಎಲುಬಿಗೆ ಹುಣ್ಣು ಬಿದ್ದದೇನು? ಹೆಬ್ಬೆರಳ ಉಗುರು ಒಳಗ ಬೆಳದದೇನು? ಮೀನಖಂಡ ಬಾತು ಬಿಸಿ ಆಗಿದ್ರ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನ ತಿಕ್ಕಾಕ ಹೋಗಬ್ಯಾಡ್ರಿ, ಡಾಕ್ಟರ್ ಕಡೆ ಓಡ್ರಿ. ಬೆನ್ನುಹುರಿ ಪೆಟ್ಟಾದವ್ರಲ್ಲಿ ಇವು ಭಾಳ. ನೋವು ಅವ್ರಿಗೆ ತಿಳಿಯಂಗಿಲ್ಲ, ಕಾಲು ಹೇಳತೈತಿ.

ನರಬಿಲ್ಲು
ಪೇಢಾ ಅವರಿಗೆ ನೂರು ಅಂಕ.

ನ್ಯೂರೋಟಮಿ ಬಗ್ಗೆ ಕೇಳಿದ್ರಲ್ಲ, ವಿವರವಾಗಿ ಹೇಳ್ತೀನಿ. ಐಡಿಯಾ ಹೊಸದಲ್ಲ. 1910ರ ದಶಕದಲ್ಲೇ ಜರ್ಮನಿಯ ಸ್ಟೋಫೆಲ್ ಮಾಡ್ತಿದ್ರು. ಆಮೇಲೆ ಫ್ರಾನ್ಸ್‌ನವರು ಮೈಕ್ರೋಸ್ಕೋಪು, ಸ್ಟಿಮ್ಯುಲೇಟರು ಸೇರಿಸಿ ಅದನ್ನ ನಂಬಬಹುದಾದ ಆಪರೇಷನ್ ಮಾಡಿದ್ರು. ರೋಗಿ ಬೋರಲು. ಮಂಡಿ ಹಿಂದಿನ ಗುಳಿಯಲ್ಲಿ ಗಾಯ. ಟಿಬಿಯಲ್ ನರ ಸಿಕ್ಕ ಮೇಲೆ ಒಂದೊಂದೇ ಕವಲು ಬಿಡಿಸ್ಕೊಳ್ಳೋದು: ಗ್ಯಾಸ್ಟ್ರೋಕ್ನೀಮಿಯಸ್‌ಗೆ ಒಳಗಿನದು, ಹೊರಗಿನದು, ಸೋಲಿಯಸ್‌ಗೆ ಮೇಲಿನದು, ಇನ್ನೂ ಆಳಕ್ಕೆ ಟಿಬಿಯಾಲಿಸ್ ಪೋಸ್ಟೀರಿಯರ್, ಬೆರಳು ಮಡಚೋ ಸ್ನಾಯುಗಳದ್ದು. ಪ್ರತಿಯೊಂದಕ್ಕೂ ಸಣ್ಣ ಕರೆಂಟ್ ಕೊಟ್ಟು ಯಾವ ಸ್ನಾಯು ಹಾರುತ್ತೆ ನೋಡೋದು. ಕಾಲು ನಡುಗೋ ಕ್ಲೋನಸ್ ಇದ್ರೆ ಕೈ ಹಾಕಬೇಕಾದ್ದು ಮುಖ್ಯವಾಗಿ ಸೋಲಿಯಸ್‌ಗೆ. ಪಾದ ಒಳಕ್ಕೆ ತಿರುಗಿದ್ರೆ ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ, ಬೆರಳು ಮುದುಡಿದ್ರೆ ಬೆರಳಿನದಕ್ಕೆ.

ಆರಿಸಿದ ಕವಲನ್ನ ಎಳೆ ಎಳೆ ಬಿಡಿಸಿ, ಅರ್ಧಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಮೂರನೇ ಎರಡರಿಂದ ಐದನೇ ನಾಲ್ಕು ಪಾಲು ಎಳೆಗಳನ್ನ ಕತ್ತರಿಸೋದು. ಬರೀ ಕತ್ತರಿಸಿ ಬಿಟ್ರೆ ತುದಿಗಳು ಮತ್ತೆ ಹುಡುಕ್ಕೊಂಡು ಸೇರ್ತವೆ. ಅದಕ್ಕೇ 5 ಮಿ.ಮೀ.ನಿಂದ 1 ಸೆಂ.ಮೀ. ತುಂಡನ್ನೇ ತೆಗೆದು ಮೇಲಿನ ತುದಿ ಸುಡೋದು. ಕತ್ತರಿಸಿದ ಮೇಲೆ ಅದೇ ಕರೆಂಟನ್ನ ಮೇಲಿನಿಂದ ಕೊಟ್ಟು ಸ್ನಾಯು ಎಷ್ಟು ಕುಂದಿದೆ ನೋಡಬೇಕು. ಕಡಿಮೆ ಕತ್ತರಿಸಿದ್ರೆ ಬಿಗಿತ ವಾಪಸ್. ಸ್ಪರ್ಶದ ಎಳೆಗೆ ಕೈ ತಾಗಿದ್ರೆ ಅಂಗಾಲು ಉರಿ, ಅದು ಬಿಗಿತಕ್ಕಿಂತ ದೊಡ್ಡ ಪೀಡೆ.

ಅರಿವಳಿಕೆ24
ಇದರಲ್ಲಿ ನಮ್ಮ ಕಡೆಯಿಂದ ಕೆಲಸ ಕೆಡೋ ಜಾಗ ಮೂರು. ಸ್ಟಿಮ್ಯುಲೇಟರ್ ಇಟ್ಟು ನೋಡೋ ಆಪರೇಷನ್‌ನಲ್ಲಿ ಮಾಂಸಖಂಡ ಸಡಿಲಿಸೋ ಔಷಧದ ಪ್ರಭಾವ ಉಳಿದಿದ್ರೆ ಏನೂ ಹಾರಲ್ಲ, ಸರ್ಜನ್ ಕತ್ತಲಲ್ಲಿ ತಡಕಾಡ್ತಾರೆ. ಹಾಗಂತ ‘ಬೇಗ ಇಳಿಯುತ್ತಲ್ಲ’ ಅಂತ ಅದೇ ಜಾತಿಯ ಸಕ್ಸಮೆಥೋನಿಯಂ ಕೊಡೋಕೆ ಹೋಗಬೇಡಿ. ಲಕ್ವ ಆದ ಕಾಲಿನಲ್ಲಿ, ಬೆನ್ನುಹುರಿ ಪೆಟ್ಟಾದವರಲ್ಲಿ ಅದು ರಕ್ತದ ಪೊಟ್ಯಾಸಿಯಂ ಏಕಾಏಕಿ ಏರಿಸಿ ಹೃದಯ ನಿಲ್ಲಿಸಬಹುದು. ಟ್ಯೂಬ್ ಹಾಕೋಕೆ ಸ್ವಲ್ಪ ರೊಕ್ಯುರೋನಿಯಂ ಕೊಟ್ಟು ಸುಗಾಮಡೆಕ್ಸ್‌ನಿಂದ ಇಳಿಸೋದು, ಇಲ್ಲಾ ರಿಲ್ಯಾಕ್ಸೆಂಟ್ ಇಲ್ಲದೇ ಆಳದ ಅರಿವಳಿಕೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರೆ ಬಿಗಿತವೇ ಕಾಣ್ಸಲ್ಲ. ಮೂರನೆಯದು ಟೂರ್ನಿಕೆಟ್: ಅರ್ಧ ಗಂಟೆ ಕಟ್ಟಿಟ್ರೆ ನರ ಉಸಿರುಗಟ್ಟಿ ಸ್ಪಂದಿಸೋದು ಕಡಿಮೆಯಾಗುತ್ತೆ, ‘ಈ ಕವಲು ಕೆಲಸದ್ದಲ್ಲ’ ಅಂತ ತಪ್ಪು ತಿಳ್ಕೋತಾರೆ.

ಸ್ಟ್ರೋಕ್ ಆದವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೇಲಿರ್ತಾರೆ. ನಿಲ್ಲಿಸಬೇಕಾ ಬೇಡವಾ ಅನ್ನೋದನ್ನ ಅವರ ನ್ಯೂರಾಲಜಿಸ್ಟ್ ಹೇಳಲಿ. ಮನೆಯವರು ತಾವಾಗಿಯೇ ಮಾತ್ರೆ ಬಿಡಿಸಿ ಕರ್ಕೊಂಡು ಬರೋದು ಬೇಡ.

ಮೂಳೆಪ್ಯಾಟೆ
ನ್ಯೂರೋಟಮಿ ಬಗ್ಗೆ ನನಗೆ ಇರೋ ತಕರಾರು ಇದು: 14 ತಿಂಗಳಾದ ಕಾಲಿನಲ್ಲಿ ರಜ್ಜು ಕುಗ್ಗಿರೋದೇ ಹೆಚ್ಚು. ನರ ಬಿಡಿಸಿದ್ರೂ ಮೈನಸ್ 10 ಅಲ್ಲೇ ಇರುತ್ತೆ.

ಸೋಲಿಯಸ್ಸೂ ಕುಗ್ಗಿದವರಲ್ಲಿ ಇಡೀ ಹಿಮ್ಮಡಿ ರಜ್ಜು ಉದ್ದ ಮಾಡೋದು ಚಿಕ್ಕ ಕೆಲಸ, ಆದ್ರೆ ಕೈ ಹಿಡಿತ ಬೇಕು. ಚರ್ಮದ ಮೇಲಿಂದಲೇ ಮೂರು ಚುಚ್ಚು, ಮೂರು ಅರ್ಧ ಕೊಯ್ತ. ಹಿಮ್ಮಡಿಗೆ ಅಂಟೋ ಜಾಗದಿಂದ ಸ್ವಲ್ಪ ಮೇಲೆ ಒಂದು, ಸುಮಾರು ಎರಡೂವರೆ ಸೆಂ.ಮೀ. ಅಂತರದಲ್ಲಿ ಇನ್ನೆರಡು. ಪಾದ ಒಳಕ್ಕೆ ತಿರುಗಿದ್ರೆ ಕೆಳಗಿನದೂ ಮೇಲಿನದೂ ಒಳಬದಿಯಿಂದ, ನಡುವಿನದು ಹೊರಬದಿಯಿಂದ. ಆಮೇಲೆ ಪಾದವನ್ನ ಮೆಲ್ಲಗೆ ಮೇಲಕ್ಕೆ ಒತ್ತಿದ್ರೆ ರಜ್ಜು ಜಾರಿ ಉದ್ದ ಆಗೋದು ಕೈಗೇ ಗೊತ್ತಾಗುತ್ತೆ. ಸೊನ್ನೆಯಿಂದ ಐದು ಡಿಗ್ರಿ ಬಂದ್ರೆ ನಿಲ್ಲಿಸಿಬಿಡಿ. ಇನ್ನೂ ಸ್ವಲ್ಪ ಇರಲಿ ಅಂತ ಒತ್ತಿದ್ರೆ ಫಟ್ ಅಂತ ಪೂರ್ತಿ ಬಿಟ್ಟುಕೊಳ್ಳುತ್ತೆ. ಆಮೇಲೆ ಮೀನಖಂಡಕ್ಕೆ ಬಲವೇ ಇರಲ್ಲ, ಹಿಮ್ಮಡಿ ಮೇಲೇ ನಡಿಗೆ, ಪ್ರತಿ ಹೆಜ್ಜೆಗೂ ಮಂಡಿ ಮುಂದಕ್ಕೆ ಕುಸಿಯುತ್ತೆ. ಬಿಗಿದ ಪಾದಕ್ಕೆ ಎರಡನೇ ಸಲ ಆಪರೇಷನ್ ಮಾಡಬಹುದು, ಸಡಿಲವಾಗಿ ಹೋದದ್ದನ್ನ ಮತ್ತೆ ಬಿಗಿ ಮಾಡೋದು ಕಷ್ಟ.

ನರಬಿಲ್ಲು
ಒಪ್ಪಿದೆ, ಕುಗ್ಗಿದ್ದಕ್ಕೆ ನರ ಕತ್ತರಿಸಿ ಉಪಯೋಗ ಇಲ್ಲ. ಆದ್ರೆ ಬರೀ ರಜ್ಜು ಉದ್ದ ಮಾಡಿ ಸ್ಪಾಸ್ಟಿಸಿಟಿ ಹಾಗೇ ಬಿಟ್ರೂ ಎಳೆಯೋ ಶಕ್ತಿ ಅಲ್ಲೇ ಇರುತ್ತಲ್ಲ, ಕ್ಲೋನಸ್ ನಿಲ್ಲಲ್ಲ, ವರ್ಷಗಳಲ್ಲಿ ಮತ್ತೆ ಕುಗ್ಗೋ ಸಂಭವ ಇದೆ. ಮೇಲಿನ ಅಂಕಿ ನೋಡಿದ್ರೆ ಮೈನಸ್ 25ರಿಂದ ಮೈನಸ್ 10ರವರೆಗಿನದ್ದು ನನ್ನ ಪಾಲು, ಅಲ್ಲಿಂದ ಸೊನ್ನೆಗೆ ನಿಮ್ಮ ಪಾಲು. ಒಂದೇ ಅರಿವಳಿಕೆಯಲ್ಲಿ ಇಬ್ಬರೂ ನಿಂತು ಮಾಡಿದ್ರಾಯ್ತು. ಮೊದಲು ನರ, ಆಮೇಲೆ ಎಷ್ಟು ಉಳಿದಿದೆ ನೋಡಿ ರಜ್ಜು. ತಿರುಗಿಸಿ ಮಾಡಿದ್ರೆ ಬೇಕಾದ್ದಕ್ಕಿಂತ ಹೆಚ್ಚು ಉದ್ದ ಮಾಡಿಬಿಡ್ತೀರಿ.

ಮೂಳೆಪ್ಯಾಟೆ
ಕೊನೇ ಸಾಲು ಸರಿ. ಅರಿವಳಿಕೆಯಲ್ಲಿ ನರದ ಪಾಲು ಹೇಗೂ ಮಲಗಿರುತ್ತೆ ಅನ್ನೋದು ನನ್ನ ವಾದ ಇತ್ತು, ಆದ್ರೆ ಹಗುರ ಅರಿವಳಿಕೆಯಲ್ಲಿ ಪೂರ್ತಿ ಮಲಗಲ್ಲ.

ಪಾದ ತಿರುಗೋದಕ್ಕೆ ಟಿಬಿಯಾಲಿಸ್ ಆಂಟೀರಿಯರ್ ಕಾರಣ ಅಂತ ಬ್ಲಾಕ್‌ನಲ್ಲಿ ಕಂಡ್ರೆ ಸ್ಪ್ಲಾಟ್ ಮಾಡ್ತೀವಿ. ಆ ರಜ್ಜುವನ್ನ ಉದ್ದಕ್ಕೆ ಸೀಳಿ, ಅರ್ಧ ಇದ್ದಲ್ಲೇ ಬಿಟ್ಟು, ಇನ್ನರ್ಧವನ್ನ ಚರ್ಮದಡಿಯಲ್ಲಿ ದಾಟಿಸಿ ಹೊರಬದಿಯ ಕ್ಯುಬಾಯ್ಡ್ ಮೂಳೆಗೆ ಕಟ್ಟೋದು. ಒಳಕ್ಕೆ ಎಳೀತಿದ್ದದ್ದು ಈಗ ಎರಡೂ ಬದಿಗೆ ಎಳೆದು ನೇರ ಎತ್ತುತ್ತೆ, ಎತ್ತಿನ ಗಾಡಿಯ ಎರಡು ಹಗ್ಗದ ಹಾಗೆ. ಹೊರಗಿನ ಹಗ್ಗ ಜಾಸ್ತಿ ಜಗ್ಗಿ ಕಟ್ಟಿದ್ರೆ ಪಾದ ಹೊರಕ್ಕೆ ಹೊರಳುತ್ತೆ, ಅಷ್ಟೇ ಅಪಾಯ.

ಹಿಮ್ಮಡಿ ರಜ್ಜು ಉದ್ದ ಮಾಡೋವಾಗ ಬೆರಳು ಮರೀಬೇಡಿ. ಪಾದ ಮೇಲಕ್ಕೆ ಬಂದ ಕೂಡಲೇ ಬೆರಳು ಮಡಚೋ ರಜ್ಜು ಇನ್ನೂ ಬಿಗಿಯುತ್ತೆ, ಮೊದಲು ಕಾಣದ ಮುದುಡುವಿಕೆ ಆಪರೇಷನ್ ಟೇಬಲ್ ಮೇಲೇ ಎದ್ದು ಬರುತ್ತೆ. ಅದನ್ನೂ ಆಗಲೇ ಬಿಡಿಸಬೇಕು.

ಚಿಕ್ಕಮ್ಮನ_ಮಗ
ಮಕ್ಕಳಿಗೆ ಬೆನ್ನಲ್ಲಿ ನರದ ಬೇರು ಕತ್ತರಿಸೋ ವಿಡಿಯೋ ನೋಡಿದೆ, ನಡೆಯೋಕೆ ಶುರು ಮಾಡ್ತಾರೆ. ಅದು ದೊಡ್ಡವರಿಗೆ ಆಗಲ್ವಾ?

ನರಬಿಲ್ಲು
ಅದು ಸೆಲೆಕ್ಟಿವ್ ಡಾರ್ಸಲ್ ರೈಜಾಟಮಿ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದ್ದು ಎರಡೂ ಕಾಲು ಬಿಗಿದ ಮಕ್ಕಳಲ್ಲಿ ಅದರ ಮುಖ್ಯ ಜಾಗ. ಅಂಥದೇ ಸಮಸ್ಯೆ ಇರೋ, ಬಲ ಚೆನ್ನಾಗಿರೋ ಕೆಲವು ವಯಸ್ಕರಿಗೆ ಆರಿಸಿ ಮಾಡ್ತಾರೆ. ಸ್ಟ್ರೋಕ್ ಆಗಿ ಒಂದು ಪಾದ ತಿರುಗಿದ್ದಕ್ಕೆ ಬೆನ್ನು ಬಿಚ್ಚೋದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಇಷ್ಟಕ್ಕೂ ಆ ವಿಡಿಯೋಗಳಲ್ಲಿ ನಡುವಿನ ತಿಂಗಳುಗಟ್ಟಲೆ ಫಿಸಿಯೋಥೆರಪಿ ಕತ್ತರಿಸಿರ್ತಾರೆ.

ಧಾರವಾಡ_ಪೇಢಾ
ಪಂಪ್ ಯಾರಿಗಂತ ಯಾರೂ ಹೇಳವಲ್ರಿ.

ಮಂಗಳೂರು_ರಿಹ್ಯಾಬ್
ಒಂದು ಪಾದಕ್ಕೆ ಪಂಪ್ ಬೇಡ. ಎರಡೂ ಕಾಲು, ಸೊಂಟದಿಂದ ಕೆಳಗೆ ಪೂರ್ತಿ ಬಿಗಿತ, ಮಾತ್ರೆ ಜಾಸ್ತಿ ಮಾಡಿದ್ರೆ ನಿದ್ದೆಗಣ್ಣು, ಅಂಥವರಿಗೆ. ಬೆನ್ನುಹುರಿ ಪೆಟ್ಟು, ಮಲ್ಟಿಪಲ್ ಸ್ಕ್ಲೆರೋಸಿಸ್, ತೀವ್ರ ಸೆರೆಬ್ರಲ್ ಪಾಲ್ಸಿ. ಬಾಯಿಯಿಂದ ಕೊಡುವುದು ಮಿಲಿಗ್ರಾಂ ಲೆಕ್ಕ, ಬೆನ್ನುನೀರಿಗೆ ಕೊಡುವುದು ಮೈಕ್ರೋಗ್ರಾಂ ಲೆಕ್ಕ.

ಮೊದಲು ಪರೀಕ್ಷೆ: ಸೊಂಟದಲ್ಲಿ ಸೂಜಿ ಹಾಕಿ ಬಿಗಿತ ಇಳಿಸುವ ಔಷಧ ಬ್ಯಾಕ್ಲೋಫೆನ್ 50 ಮೈಕ್ರೋಗ್ರಾಂ. ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಶುರು, ಸುಮಾರು ನಾಲ್ಕು ಗಂಟೆಗೆ ಪೂರ್ತಿ ಪರಿಣಾಮ. ಸಾಲದಿದ್ದರೆ 24 ಗಂಟೆ ಬಿಟ್ಟು 75, ಮತ್ತೆ ಬಿಟ್ಟು 100. 100ಕ್ಕೂ ಬಗ್ಗದಿದ್ದರೆ ಪಂಪ್ ಹಾಕುವುದಿಲ್ಲ. ನಡೆಯುವವರಾದರೆ ಆ ನಾಲ್ಕನೇ ಗಂಟೆಯಲ್ಲಿ ನಡೆಸಿ ನೋಡಲೇಬೇಕು. ಬಿಗಿತದ ಬಲದಲ್ಲೇ ನಿಲ್ಲುವವರು ಉಂಟು, ಬಿಗಿತ ತೆಗೆದರೆ ಕಾಲು ಬಾಳೆದಿಂಡಿನ ಹಾಗೆ ಕುಸಿಯುತ್ತದೆ.

ಪಂಪ್ ಹೊಟ್ಟೆಯ ಚರ್ಮದಡಿ ಕೂರುತ್ತದೆ, 20 ಅಥವಾ 40 ಎಂಎಲ್ ಟ್ಯಾಂಕ್. ಬ್ಯಾಟರಿ ಐದಾರು ವರ್ಷಕ್ಕೆ ಮುಗಿದಾಗ ಪಂಪನ್ನೇ ಬದಲಿಸಬೇಕು. ಕೆಲವು ತಿಂಗಳಿಗೊಮ್ಮೆ ಚರ್ಮದ ಮೇಲಿಂದ ಸೂಜಿ ಹಾಕಿ ತುಂಬಿಸಬೇಕು. ದುಡ್ಡು ಲಕ್ಷಗಳಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ‘ತುಂಬಿಸುವವರು ಎಷ್ಟು ದೂರ’ ಅಂತ ಕೇಳುವವರು ಕಡಿಮೆ. ಮಳೆಗಾಲದಲ್ಲಿ ಘಾಟಿ ಬಂದ್ ಆದರೆ ಏನು ಮಾಡುತ್ತೀರಿ?

ಧಾರವಾಡ_ಪೇಢಾ
ಔಷಧ ಒಮ್ಮೆಲೆ ನಿಂತ್ರ ಜೀವಕ್ಕ ಅಪಾಯ, ಇದನ್ನ ದೊಡ್ಡ ಅಕ್ಷರದಾಗ ಬರೀರಿ. ಮೊದಲ ಮೈ ತುರಸತೈತಿ, ಆದ್ರ ಗಂಧಿ ಏನೂ ಕಾಣಂಗಿಲ್ಲ. ಆಮ್ಯಾಲ ಹಳೇ ಬಿಗಿತಕ್ಕಿಂತ ಜಾಸ್ತಿ ಬಿಗಿತ, ಜ್ವರ, ಭ್ರಮಿ. ಒಂದೆರಡು ದಿನದಾಗ ಸ್ನಾಯು ಕರಗಿ ಕಿಡ್ನಿ ಕೈಕೊಡತೈತಿ. ಬಾಯಿಂದ ಮಾತ್ರೆ ಕೊಟ್ಟು ಸಂಭಾಳಸ್ತೀನಿ ಅಂತ ಮನ್ಯಾಗ ಕುಂದ್ರಬ್ಯಾಡ್ರಿ. ಸೀದಾ ಪಂಪ್ ಹಾಕಿದವರ ಕಡೆ. ಜ್ವರ ಅಂತ ಬ್ಯಾರೆ ಆಸ್ಪತ್ರಿಗೆ ಹೋದ್ರ ‘ಹೊಟ್ಟ್ಯಾಗ ಬ್ಯಾಕ್ಲೋಫೆನ್ ಪಂಪ್ ಅದ’ ಅಂತ ಬಾಗಲದಾಗನ ಹೇಳ್ರಿ, ಕಾರ್ಡ್ ತೋರಸ್ರಿ. ಎಂಆರ್‌ಐ ಮಾಡೂ ಮೊದಲೂ ಹೇಳ್ರಿ, ಮಷೀನ್ ಒಳಗ ಪಂಪ್ ನಿಲ್ತದ, ಹೊರಗ ಬಂದ ಮ್ಯಾಲ ಮತ್ತ ಓಡಾಕತ್ತದೋ ಇಲ್ಲೋ ಚೆಕ್ ಮಾಡಿಸಬೇಕು.

ಫಿಸಿಯೋ_ಶಿವಮೊಗ್ಗ
ಬೊಟುಲಿನಮ್‌ಗೆ ದುಡ್ಡಿಲ್ಲ, ಆಪರೇಷನ್‌ಗೆ ಮನಸ್ಸಿಲ್ಲ ಅನ್ನೋರಿಗೆ ನರದ ಎಳೆ ಸುಡೋ ಫೀನಾಲ್ ಇಂಜೆಕ್ಷನ್?

ಮಂಗಳೂರು_ರಿಹ್ಯಾಬ್
ಅಗ್ಗ, ಕೆಲಸವೂ ಮಾಡುತ್ತದೆ. ನೀರಿನಲ್ಲಿ ಕರಗಿಸಿದ 5ರಿಂದ 7%, ಸ್ಟಿಮ್ಯುಲೇಟರ್ ಸೂಜಿಯಿಂದ, ಒಂದು ದಿನಕ್ಕೆ ಒಟ್ಟು 1 ಗ್ರಾಂ ದಾಟಬಾರದು. ಒಳತೊಡೆ ಬಿಗಿದು ಎರಡು ಕಾಲು ಕತ್ತರಿ ಹಾಕಿಕೊಂಡವರಿಗೆ ಆಬ್ಟ್ಯುರೇಟರ್ ನರಕ್ಕೆ ಕೊಟ್ಟರೆ ಬಹಳ ಚಂದ, ಶುಚಿ ಮಾಡಲಿಕ್ಕೆ, ಡಯಾಪರ್ ಹಾಕಲಿಕ್ಕೆ ಜಾಗ ಸಿಗುತ್ತದೆ. ಆದರೆ ಟಿಬಿಯಲ್ ನರದ ಕಾಂಡಕ್ಕೆ ಸುರಿಯಬೇಡಿ. ಅದರಲ್ಲಿ ಅಂಗಾಲಿನ ಸ್ಪರ್ಶವೂ ಉಂಟು, ಉರಿ ಹತ್ತಿದರೆ ತಿಂಗಳುಗಟ್ಟಲೆ.

ಮೂಳೆಪ್ಯಾಟೆ
ಒಳತೊಡೆ ಅಂದದ್ದಕ್ಕೆ ನೆನಪಾಯ್ತು. ಬೆನ್ನುಹುರಿ ಪೆಟ್ಟಾದವರ ಸೊಂಟ ಬಗ್ಗದಿದ್ರೆ ಎಕ್ಸ್‌ರೇ ತೆಗೀದೇ ಬಿಗಿತ ಅನ್ಬೇಡಿ, ಕೀಲಿನ ಸುತ್ತ ಹೊಸ ಮೂಳೆ ಬೆಳೆದಿರಬಹುದು. ಇನ್ನೊಂದು: ವರ್ಷಗಟ್ಟಲೆ ಮಡಚಿ ಕೂತ ಮಂಡಿಯ ಹಿಂದಿನ ರಜ್ಜು ಬಿಡಿಸಿದ ದಿನವೇ ಪೂರ್ತಿ ನೇರ ಮಾಡೋಕೆ ಹೋದ್ರೆ ಹಿಂದಿನ ರಕ್ತನಾಳ, ಸಯಾಟಿಕ್ ನರ ಎಳೆದು ಪಾದ ತಣ್ಣಗಾಗುತ್ತೆ. ಅರ್ಧ ಬಿಡಿಸಿ, ಉಳಿದದ್ದು ವಾರಕ್ಕೊಂದು ಪ್ಲಾಸ್ಟರ್ ಬದಲಿಸಿ.

ಪಟ್ಟಿಬೂಟು
ಕೊನೆಗೆ ಎಲ್ಲರೂ ಬರೋದು ನಮ್ಮ ವರ್ಕ್‌ಶಾಪಿಗೇ, ಅದಕ್ಕೆ ಸ್ವಲ್ಪ ಮಾತು. ಮೈನಸ್ 10ರಲ್ಲಿ ಕುಗ್ಗಿ ನಿಂತ ಪಾದವನ್ನ 90 ಡಿಗ್ರಿ ಎಎಫ್‌ಓ (ಪಾದ, ಕಣಕಾಲು ಹಿಡಿದಿಡೋ ಪ್ಲಾಸ್ಟಿಕ್ ಆಸರೆ) ಒಳಗೆ ತುರುಕಿ ಪಟ್ಟಿ ಬಿಗಿದ್ರೆ ಅದು ನೇರ ಆಗಲ್ಲ. ಹಿಮ್ಮಡಿ ಒಳಗೇ ಮೇಲೆದ್ದಿರುತ್ತೆ, ಪಾದದ ನಡು ಮುರಿದ ಹಾಗೆ ಬಾಗುತ್ತೆ, ಹೊರಬದಿಯ ಕಾಲ್ಗಣ್ಣಿನ ಮೇಲೂ ಕಿರುಬೆರಳ ಬುಡದ ಮೂಳೆ ಮೇಲೂ ಹುಣ್ಣು. ಆಪರೇಷನ್ ಬೇಡ ಅನ್ನೋರಿಗೆ ಕುಗ್ಗಿದ ಕೋನದಲ್ಲೇ ಅಚ್ಚು ತೆಗೆದು ಹಿಮ್ಮಡಿ ಕೆಳಗೆ ಬೆಣೆ ಕೊಡಬೇಕು, ಇನ್ನೊಂದು ಕಾಲಿನ ಚಪ್ಪಲಿಗೂ ಅಷ್ಟೇ ಎತ್ತರ.

ಆಪರೇಷನ್ ಆದವರಿಗೆ ಪ್ಲಾಸ್ಟರ್ ತೆಗೆಯೋ ದಿನವೇ ಎಎಫ್‌ಓ ಕೈಯಲ್ಲಿರಬೇಕು. ‘ಮುಂದಿನ ವಾರ ಅಳತೆ ಕೊಡ್ತೀವಿ’ ಅಂದ್ರೆ ಆ ನಡುವೆ ಹೊಸದಾಗಿ ಉದ್ದವಾದ ರಜ್ಜು ಹರಿಯಬಹುದು, ಇಲ್ಲಾ ಮತ್ತೆ ಕುಗ್ಗಬಹುದು. ಮನೆಯೊಳಗೆ ಬರಿಗಾಲು ನಮ್ಮವರ ಪದ್ಧತಿ, ಪ್ಲಾಸ್ಟಿಕ್ ಅಡಿ ಒದ್ದೆ ಟೈಲ್ಸ್ ಮೇಲೆ ಜಾರುತ್ತೆ. ಅಡಿಗೆ ತೆಳು ರಬ್ಬರ್ ಶೀಟ್ ಅಂಟಿಸಿಕೊಡಿ ಅಂತ ಕೇಳಿ. ಹೊರಗೆ ಹೋಗೋಕೆ ಹಿಂದೆ ಪಟ್ಟಿ ಇರೋ ವೆಲ್ಕ್ರೋ ಸ್ಯಾಂಡಲ್, ಒಂದು ನಂಬರ್ ದೊಡ್ಡದು. ಹವಾಯಿ ಆಗಲ್ಲ.

ಫಿಸಿಯೋ_ಶಿವಮೊಗ್ಗ
ಪ್ಲಾಸ್ಟರ್ ಎಷ್ಟು ದಿನ?

ಮೂಳೆಪ್ಯಾಟೆ
ರಜ್ಜು ಉದ್ದ ಮಾಡಿದ್ರೂ ಸ್ಪ್ಲಾಟ್ ಮಾಡಿದ್ರೂ ಸುಮಾರು ಆರು ವಾರ, ಪ್ಲಾಸ್ಟರ್‌ನಲ್ಲೇ ನಿಲ್ಲಿಸೋದೂ ಉಂಟು. ಆಮೇಲೆ ಕೆಲವು ತಿಂಗಳು ಎಎಫ್‌ಓ, ರಾತ್ರಿಯೂ. ಸ್ಪರ್ಶ ಇಲ್ಲದ ಹಿಮ್ಮಡಿಗೆ ಹತ್ತಿ ದಪ್ಪ ಹಾಕಿ. ರೋಗಿ ನೋವು ಅನ್ನದಿದ್ರೂ ಪ್ಲಾಸ್ಟರ್‌ನಿಂದ ವಾಸನೆ ಬಂತು ಅಂದ್ರೆ ಅವತ್ತೇ ಒಡೀಬೇಕು.

ನರಬಿಲ್ಲು
ಬರೀ ನ್ಯೂರೋಟಮಿಗೆ ಪ್ಲಾಸ್ಟರ್ ಇಲ್ಲ, ಮೊದಲ ದಿನಗಳಲ್ಲೇ ನಿಲ್ಲಿಸ್ತೀವಿ. ಪಾದ ಮೇಲೆತ್ತೋ ಸ್ನಾಯು ಇಷ್ಟು ದಿನ ಎದುರಾಳಿಯ ಎಳೆತದಲ್ಲಿ ಮಂಕಾಗಿರುತ್ತೆ, ಅದನ್ನ ಎಬ್ಬಿಸೋ ಕೆಲಸ ನಿಮ್ಮದು ಶಿವಮೊಗ್ಗದವರೇ.

ಚಿಕ್ಕಮ್ಮನ_ಮಗ
ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರೋಕೆ ಆಗುತ್ತಾ ಆಮೇಲೆ?

ಮೂಳೆಪ್ಯಾಟೆ
ಕುಕ್ಕರಗಾಲಿಗೆ ಪಾದ ಸೊನ್ನೆಗೆ ಬಂದ್ರೆ ಸಾಲದು, ಇನ್ನೂ ಎಷ್ಟೋ ಮೇಲಕ್ಕೆ ಬಾಗಬೇಕು. ಅಷ್ಟು ಉದ್ದ ಮಾಡಿದ್ರೆ ನಡಿಗೆ ಹೋಗುತ್ತೆ. ಕಮೋಡ್ ಹಾಕಿಸಿ, ಬಲಗೋಡೆಗೆ ಬೇಡ, ಚೆನ್ನಾಗಿರೋ ಎಡಗೈ ಕಡೆಗೆ ಹಿಡಿ ಹಾಕಿಸಿ.

ಪಟ್ಟಿಬೂಟು
ಹಿಡಿಯ ಸ್ಕ್ರೂ ಇಟ್ಟಿಗೆಗೆ ಹೋಗಬೇಕು, ಬರೀ ಟೈಲ್ಸಿಗಲ್ಲ. ಮೊದಲು ನೀವೇ ಜೋತುಬಿದ್ದು ನೋಡಿ.